ಹೆಬ್ಬೆರಳಿನ ಲೆಕ್ಕ

ದಕ್ಷಿಣ ಕನ್ನಡದ ಸಣ್ಣ ಊರೊಂದರ ಶಾಲೆಯಲ್ಲಿ ನಾನು ಟೀಚರು. ಮಗಳ ಪ್ರಗತಿಪತ್ರಕ್ಕೆ ಸಹಿ ಹಾಕಲು ಬಂದ ತಾಯಿಯೊಬ್ಬಳು ಮೊನ್ನೆ ಶಾಯಿಯ ಪ್ಯಾಡು ಕೇಳಿದಳು. ಏಳನೆಯ ತರಗತಿಯವರೆಗೆ ನನ್ನ ಬಳಿಯೇ ಓದಿದವಳು, ಅಕ್ಷರ ಮುತ್ತಿನಂತಿತ್ತು. "ಏನೇ, ಸಹಿ ಮರೆತೆಯಾ?" ಎಂದೆ. "ಇಲ್ಲ ಟೀಚರ್, ಪೆನ್ನು ಹಿಡಿದರೆ ಹೆಬ್ಬೆರಳಿನಿಂದ ಮೊಣಕೈವರೆಗೆ ಸೆಳೆಯುತ್ತದೆ" ಎಂದಳು. ಇಪ್ಪತ್ತು ವರ್ಷದಿಂದ ಬೀಡಿ ಕಟ್ಟುತ್ತಿದ್ದಾಳೆ.

ಬೀಡಿ ಕಟ್ಟುವುದನ್ನು ಹತ್ತಿರ ಕೂತು ನೋಡಿದ್ದೀರಾ? ಎಲೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುತ್ತಬೇಕು, ತುದಿ ಮಡಚಬೇಕು, ನೂಲು ಬಿಗಿಯಬೇಕು. ಎಲ್ಲಕ್ಕೂ ಅದೇ ಬೆರಳುಗಳು. ಕೂಲಿ ಸಾವಿರಕ್ಕೆ ಇಷ್ಟೆಂದು. ದಿನಕ್ಕೆ 800 ಎಂದರೂ 300 ದಿನಕ್ಕೆ 2,40,000. ಇಪ್ಪತ್ತು ವರ್ಷಕ್ಕೆ 48 ಲಕ್ಷ.

ಇವಳಿಗೆ ಪರಿಹಾರವಿದೆಯೇ? ಯಂತ್ರಕ್ಕೆ ಸಿಕ್ಕಿ ಕೈ ಹೋದರೆ ಕಾನೂನಿಗೆ ಕಾಣುತ್ತದೆ. ರೋಗವಾದರೆ ಅದು ಪಟ್ಟಿಯಲ್ಲಿರಬೇಕು. ಇಲ್ಲವಾದರೆ ನಿರ್ದಿಷ್ಟ ಅಪಘಾತದಿಂದಲೇ ಬಂತೆಂದು ತೋರಿಸಬೇಕು. 1923ರ ಕಾಯ್ದೆ ಹೇಳಿದ್ದು ಇದನ್ನೇ. ಅದೀಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಪಟ್ಟಿಯಲ್ಲಿ ಸೀಸವಿದೆ, ಪಾದರಸವಿದೆ, ಯಂತ್ರದ ಅದುರಾಟದಿಂದ ಸ್ನಾಯು ಕೀಲುಗಳು ಕೆಡುವುದೂ ಇದೆ. ಒಂದೇ ಕೆಲಸವನ್ನು ಲಕ್ಷ ಸಲ ಮಾಡಿ ಸವೆದ ಕೈ ಮಾತ್ರ ಇಲ್ಲ. 48 ಲಕ್ಷದಲ್ಲಿ ಅಪಘಾತವಾದದ್ದು ಎಷ್ಟನೆಯ ಬೀಡಿಯಲ್ಲಿ ಎಂದು ಅವಳು ಹೇಳಬೇಕು?

ಬ್ರಿಟನ್ನಿನಲ್ಲಿ ತಂತಿ ಕಳಿಸುವ ನೌಕರರ ಕೈಸೆಳೆತವನ್ನು 1908ರಲ್ಲೇ ಪರಿಹಾರದ ಪಟ್ಟಿಗೆ ಸೇರಿಸಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2010ರ ಪಟ್ಟಿಯಲ್ಲಿ, ಪದೇ ಪದೇ ಬೆರಳಾಡಿಸಿ ಹೆಬ್ಬೆರಳ ಬುಡದ ಸ್ನಾಯುರಜ್ಜಿನ ಪೊರೆ ಊದಿಕೊಳ್ಳುವುದೂ ಇದೆ. ನಮಗೇಕೆ ಇಷ್ಟು ತಡ?

"ಹೆಂಗಸರಿಗೆ ಮನೆಯಲ್ಲೂ ಅರೆಯುವುದು, ಒಗೆಯುವುದು ಇದೆಯಲ್ಲ, ನೋವು ಬೀಡಿಯಿಂದಲೇ ಎಂದು ನಂಬುವುದು ಹೇಗೆ?" ಎಂದರು ಪರಿಚಯದ ಮಹನೀಯರೊಬ್ಬರು. ಸ್ವಾಮಿ, ಮನೆಗೆಲಸವೂ ಕೆಲಸವೆಂದು ನೀವು ಒಪ್ಪಿದ್ದು ಇದೇ ಮೊದಲು! ಪುರಾವೆ ಬೇಕಾದರೆ ಬೀಡಿ ಬ್ರಾಂಚಿನ ಪುಸ್ತಕ ತೆಗೆಯಿರಿ. ಯಾವ ದಿನ ಎಷ್ಟು ಕಟ್ಟಿ ತಂದಳೆಂದು ಬರೆದಿರುತ್ತದೆ. ಸರಿಯಿಲ್ಲದ ಒಂದೊಂದು ಬೀಡಿಯನ್ನೂ ಹೆಕ್ಕಿ ಪಕ್ಕಕ್ಕಿಡುವ ಕಣ್ಣಿಗೆ ಕಟ್ಟಿದ ಬೆರಳು ಕಾಣಬಾರದೇ?

ನಾನು ಕೇಳುವುದು ದಾನವಲ್ಲ. ಈ ರೋಗವನ್ನು ಪಟ್ಟಿಗೆ ಸೇರಿಸಿ. ಆಗ, ನಿಗದಿತ ಕಾಲ ದುಡಿದವಳಿಗೆ ಅದು ಕೆಲಸದಿಂದಲೇ ಬಂತೆಂದು ಕಾನೂನೇ ಭಾವಿಸುತ್ತದೆ. ಅಲ್ಲವೆಂದರೆ ಮಾಲೀಕ ಸಾಬೀತು ಮಾಡಲಿ.

ನಮ್ಮ ತಪ್ಪೂ ಇದೆ. "ವಾಯು" ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಬೀಡಿಯಿರಲಿ, ಹೊಲಿಗೆಯಿರಲಿ, ಡಾಕ್ಟರ ಬಳಿ ಹೋದಾಗ ಏನು ಕೆಲಸ, ಎಷ್ಟು ವರ್ಷದಿಂದ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಾಳೆ ಕೇಳುವವರ ಮುಂದೆ ಇಡಲು ಅದೊಂದಾದರೂ ಇರಲಿ.

ಆ ಪ್ರಗತಿಪತ್ರ ನನ್ನ ಮೇಜಿನ ಮೇಲಿದೆ. ಹೆಬ್ಬೆಟ್ಟು ನೋಡಿದವರು ಈ ಹುಡುಗಿಯ ತಾಯಿಗೆ ಓದುಬರಹ ಬಾರದೆಂದುಕೊಳ್ಳುತ್ತಾರೆ. ಅವಳಿಗೆ ಅಕ್ಷರ ಕಲಿಸಿದವಳು ನಾನು. ನನಗೆ ಗೊತ್ತು.