ಎದುರಾಳಿ ಪಕ್ಕದ ದೋಣಿಯಲ್ಲಿಲ್ಲ

ಹದಿಹರೆಯದವರಿಗೆಂದು ಬರೆದ ಕ್ರೀಡಾ ಕಾದಂಬರಿ ಕೈಗೆತ್ತಿಕೊಂಡರೆ ಹತ್ತು ಪುಟದೊಳಗೆ ಕತೆ ಗೊತ್ತಾಗಿಬಿಡುತ್ತದೆ. ಬಡ ಹುಡುಗ, ಸಿರಿವಂತ ಎದುರಾಳಿ, ಸಿಡುಕಿನ ಕೋಚ್, ಕೊನೆಗೊಂದು ಫೈನಲ್. ಊರಿನ ಹೆಸರು ಬದಲಿಸಿದರೂ ಕತೆಗೆ ಏನೂ ಆಗುವುದಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಊರು ಬದಲಾದರೂ ಕತೆ ಬದಲಾಗದಿದ್ದರೆ ಆ ಊರು ಕತೆಯೊಳಗೆ ಬಂದೇ ಇಲ್ಲ.

ಲಾಸಲಗಾಂವ್‌ನ್ನೇ ತೆಗೆದುಕೊಳ್ಳಿ. ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಈ ಊರಿನ ಹೆಸರು ನಮ್ಮ ಕಿವಿಗೆ ಬೀಳುವುದು ಈರುಳ್ಳಿ ದರದ ಸುದ್ದಿಯಲ್ಲಿ ಮಾತ್ರ. ಪಕ್ಕದ ಚಾಂದವಡ ತಾಲ್ಲೂಕಿನಲ್ಲಿದೆ ತಳೇಗಾಂವ್ ರೋಹಿ. ರೋಯಿಂಗ್ ಪಟು ದತ್ತು ಭೋಕನಾಳ್ ಅವರ ಹಳ್ಳಿ. ಬರದ ಸೀಮೆ. ಅವರು ತಂದೆಯ ಜೊತೆ ಬಾವಿ ತೋಡಿದವರು. ತಂದೆ ತೀರಿಕೊಂಡ ಮೇಲೆ, 2012ರಲ್ಲಿ, ಮನೆ ನಡೆಸಲೆಂದು ಸೇನೆ ಸೇರಿದರು. ಹೋದದ್ದು ಸಂಬಳಕ್ಕೆ, ಆಟಕ್ಕಲ್ಲ. ಪುಣೆಯಲ್ಲಿ ಆಳಿನ ಎತ್ತರ ನೋಡಿ ರೋಯಿಂಗ್‌ಗೆ ಹಚ್ಚಿದರು. ಮೊದಮೊದಲು ನೀರೆಂದರೆ ಹೆದರಿಕೆ. ನಾಲ್ಕೇ ವರ್ಷದಲ್ಲಿ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ, ಭಾರತದಿಂದ ಹೋದ ಒಬ್ಬನೇ ರೋಯರ್ ಅವರು. ಸಿಂಗಲ್ ಸ್ಕಲ್ಸ್‌ನಲ್ಲಿ 13ನೇ ಸ್ಥಾನ.

ನೀರಿಲ್ಲದ ಊರಿನವನಿಗೆ ನೀರಿನ ಆಟ ಒಲಿಯಿತು ಎಂದು ಬರೆದು ಮುಗಿಸುವುದು ಸುಲಭ. ಅದು ಪತ್ರಿಕೆಯ ಶೀರ್ಷಿಕೆಗೆ ಸಾಕು, ಕಾದಂಬರಿಗೆ ಸಾಲದು. ದಕ್ಷಿಣ ಕೊರಿಯಾದಲ್ಲಿ ಅವರು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಾಗ, ತಲೆಗೆ ಪೆಟ್ಟಾಗಿದ್ದ ತಾಯಿಗೆ ಅದನ್ನು ತಿಳಿಯುವ ಸ್ಥಿತಿಯೇ ಇರಲಿಲ್ಲ. ಇಲ್ಲಿ ಖಳನಾಯಕ ಯಾರು? ಯಾರೂ ಇಲ್ಲ. ಆದರೂ ಸಂಘರ್ಷವಿದೆ. ದುಡಿಯಲೆಂದು ಮನೆ ಬಿಟ್ಟ ಮಗ, ಮನೆಗೆ ಅವನು ಬೇಕಾದ ದಿನ ದೂರದ ನೀರಿನಲ್ಲಿದ್ದಾನೆ.

ಈರುಳ್ಳಿಯ ಊರಿನಲ್ಲಿ ಇಂಥ ಸಂಘರ್ಷವನ್ನು ಹುಡುಕಬೇಕಾಗಿಲ್ಲ. 2018ರ ಕೊನೆಯಲ್ಲಿ ನಿಫಾಡಿನ ರೈತರೊಬ್ಬರಿಗೆ 750 ಕಿಲೋ ಈರುಳ್ಳಿಗೆ ಸಿಕ್ಕಿದ್ದು 1,064 ರೂಪಾಯಿ. ಅದನ್ನವರು ಪ್ರಧಾನಿಗೆ ಮನಿಯಾರ್ಡರ್ ಮಾಡಿದರು. ಇದನ್ನು ಕೇವಲ ಹಿನ್ನೆಲೆಯೆಂದು ಎರಡು ಸಾಲಿನಲ್ಲಿ ಹೇಳಿ ಮೈದಾನಕ್ಕೆ ಓಡುವ ಲೇಖಕರು ಕತೆಯ ಹೊಟ್ಟೆಯನ್ನೇ ಬಿಟ್ಟು ಓಡುತ್ತಾರೆ. ಹದಿನೈದರ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಆಯ್ಕೆ ಶಿಬಿರದ ದಿನವೇ ಹೊಲದಲ್ಲಿ ಗಡ್ಡೆ ಕೀಳಬೇಕು. ತಡಮಾಡಿದರೆ ಮಳೆ, ಇಲ್ಲವೇ ದರ ಕುಸಿತ. ಅಪ್ಪ ಹೇಳುವುದೂ ಸರಿ, ಅವಳು ಹೇಳುವುದೂ ಸರಿ. ಓದುವ ಹುಡುಗರಿಗೆ ಯಾರ ಪರ ನಿಲ್ಲಬೇಕೆಂದು ತಿಳಿಯದೆ ಪುಟ ತಿರುಗಿಸಬೇಕು.

ಮಕ್ಕಳಿಗೆ ಭರವಸೆ ಬೇಡವೇ, ದರದ ಗೋಳು ಯಾಕೆ ಎನ್ನುವವರಿದ್ದಾರೆ. ಭರವಸೆ ಖಂಡಿತ ಬೇಕು. 2018ರ ಆಗಸ್ಟ್‌ನಲ್ಲಿ ಪಾಲೆಂಬಾಂಗ್‌ನ ಏಷ್ಯನ್ ಗೇಮ್ಸ್‌ನಲ್ಲಿ ಭೋಕನಾಳ್ ಒಂಟಿ ದೋಣಿಯ ಫೈನಲ್‌ನಲ್ಲಿ ಕೊನೆಯವರಾದರು. ಮರುದಿನವೇ ಮೂವರು ಜೊತೆಗಾರರೊಂದಿಗೆ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದರು. ಇಂಥ ಗೆಲುವು ಸುಳ್ಳಲ್ಲ. ಆದರೆ ಅದೇ ವರ್ಷ, ಅದೇ ಸೀಮೆಯಲ್ಲಿ, ಕಿಲೋ ಈರುಳ್ಳಿಗೆ ಒಂದೂವರೆ ರೂಪಾಯಿಯೂ ಹುಟ್ಟಲಿಲ್ಲ. ಪದಕ ಬಂದರೆ ಮನೆಯ ಕಷ್ಟವೆಲ್ಲ ತೀರಿತು ಎಂದು ಬರೆಯುವುದು ಸುಳ್ಳು. ಹೊಲದಲ್ಲಿ ದುಡಿದು ಶಾಲೆಗೆ ಹೋಗುವ ಹುಡುಗರು ಅದನ್ನು ನಮಗಿಂತ ಮೊದಲು ಹಿಡಿಯುತ್ತಾರೆ.

ಇದಕ್ಕೆ ಲಾಸಲಗಾಂವ್‌ಗೇ ಹೋಗಬೇಕೆಂದಿಲ್ಲ. ನಮ್ಮ ಚಳ್ಳಕೆರೆ, ಗದಗ ಕಡೆ ಮುಂಗಾರಿನ ಈರುಳ್ಳಿ ಕೀಳುವ ಕಾಲಕ್ಕೇ ಶಾಲೆಗಳ ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳೂ ಬರುತ್ತವೆ. ಕಬಡ್ಡಿ ತಂಡದ ಪಟ್ಟಿಯಲ್ಲಿ ಹೆಸರಿದ್ದೂ ಆ ದಿನ ಬಾರದ ಹುಡುಗಿ ಎಲ್ಲಿದ್ದಳು ಎಂದು ದೈಹಿಕ ಶಿಕ್ಷಕರನ್ನು ಕೇಳಿ ನೋಡಿ. ಕಾದಂಬರಿ ಅಲ್ಲಿಂದ ಶುರುವಾಗಲಿ.