ಕೆಮ್ಮಿಗೆಲ್ಲ ಆಸಿಡಿಟಿ ಗುಳಿಗೆಯೇ?

ಆಸಿಡಿಟಿಗೆಂದು ಮನೆಮನೆಯಲ್ಲೂ ಬಳಕೆಯಲ್ಲಿದ್ದ ರ‍್ಯಾನಿಟಿಡಿನ್ ಗುಳಿಗೆಯನ್ನು ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು. ಈಗ ಆಮ್ಲ ತಗ್ಗಿಸುವ ಇನ್ನೊಂದು ಗುಳಿಗೆ ಪ್ಯಾಂಟೊಪ್ರಜೋಲ್ ವೈದ್ಯರ ಚೀಟಿಯಿಲ್ಲದೆಯೇ ಕೈಗೆ ಸಿಗುತ್ತಿದೆ. ಎದೆಯುರಿಗಷ್ಟೇ ಅಲ್ಲ, ಬಿಡದ ಕೆಮ್ಮಿಗೂ. ಜಠರದ ಆಮ್ಲ ಮೇಲೇರಿ ಶ್ವಾಸನಾಳವನ್ನು ಕೆರಳಿಸಬಲ್ಲದು, ಉಬ್ಬಸವನ್ನು ಹೆಚ್ಚಿಸಬಲ್ಲದು ಎಂಬುದು ನಿಜ. ಆದರೆ ಎದೆಯುರಿ ಇಲ್ಲದ ಅಥವಾ ತೀರಾ ಕಡಿಮೆಯಿರುವ ಉಬ್ಬಸ ರೋಗಿಗಳಿಗೆ ಆಮ್ಲ ತಗ್ಗಿಸುವ ಗುಳಿಗೆಯಿಂದ ಪ್ರಯೋಜನವಿಲ್ಲವೆಂದು 412 ಮಂದಿಯ ಮೇಲೆ ನಡೆದ ಅಮೆರಿಕದ ಪ್ರಯೋಗ 2009ರಲ್ಲೇ ತೋರಿಸಿದೆ.

ಪುಣೆ ಜಿಲ್ಲೆಯ ದೌಂಡದಂಥ ಊರಿಗೆ ಇದು ನೇರವಾಗಿ ತಾಗುವ ಮಾತು. ಸುತ್ತ ಸಕ್ಕರೆ ಕಾರ್ಖಾನೆಗಳು, ಪಕ್ಕದಲ್ಲೇ ಕುರ್ಕುಂಭದ ರಾಸಾಯನಿಕ ಕೈಗಾರಿಕೆಗಳು, ರಾತ್ರಿ ಪಾಳಿ ಮುಗಿಸಿ ಹೊತ್ತಲ್ಲದ ಹೊತ್ತಿನಲ್ಲಿ ಉಂಡು ಕೂಡಲೇ ಮಲಗುವ ರೈಲ್ವೆ ನೌಕರರು. ಇಲ್ಲಿ ಕೆಮ್ಮಿಗೆ ಹೊಟ್ಟೆಯೂ ಕಾರಣವಿರಬಹುದು, ಗಾಳಿಯೂ ಇರಬಹುದು, ಕ್ಷಯವೂ ಇರಬಹುದು. ಗುಳಿಗೆ ನುಂಗುತ್ತ ಕಳೆದ ತಿಂಗಳುಗಳಲ್ಲಿ ಕ್ಷಯ ಮನೆಮಂದಿಗೆಲ್ಲ ಹರಡೀತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಚೀಟಿಯಿಲ್ಲದ ಮಾರಾಟವನ್ನು ಔಷಧ ನಿಯಂತ್ರಣ ಅಧಿಕಾರಿಗಳು ತಡೆಯಬೇಕು. ಶ್ವಾಸಕೋಶದ ಬಲ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೇ ಕಾರ್ಮಿಕರಿಗೆ ಉಚಿತವಾಗಿ ಸಿಗಬೇಕು.