ಮೊಣಕಾಲು ಅವಳದು, ಉತ್ತರ ನನ್ನದು!

ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು, ಊರೂರು ಸುತ್ತಿ ಕೊನೆಗೆ ಈ ಮಾಲೇಗಾಂವ್‌ನಲ್ಲೇ ಬೇರು ಬಿಟ್ಟೆ. ಪವರ್‌ಲೂಮಿನ ಸದ್ದು ಇಲ್ಲದಿದ್ದರೆ ಈಗ ನಿದ್ದೆಯೇ ಬರುವುದಿಲ್ಲ! ಇರಲಿ, ಇವತ್ತು ಹೇಳಹೊರಟಿದ್ದು ಮಗಳ ಮೊಣಕಾಲಿನ ಕಥೆ.

ಕೆಲವು ವರ್ಷಗಳ ಹಿಂದಿನ ಮಾತು. ಅವಳಿಗೆ ಹದಿಮೂರು, ಶಾಲೆಯ ಖೊಖೊ ತಂಡದಲ್ಲಿದ್ದಳು. ಮಂಡಿಚಿಪ್ಪಿನ ಕೆಳಗೆ ಊತ ಕಾಣಿಸಿತು. ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. "ಎಷ್ಟು ದಿನದಿಂದ?" ಎಂದು ಅವರು ನನ್ನನ್ನು ಕೇಳಿದರು. "ಒಂದು ವಾರ" ಎಂದು ನಾನೇ ಹೇಳಿದೆ. ನೋವಿನ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿ ಓಡಿದಳು, ಮತ್ತೆ ಊತ…

ಆಮೇಲೆ ನಾಸಿಕಕ್ಕೆ ಹೊರಟೆವು. ಚಾಂದವಡ ಬಂದಾಗ, 2016ರ ರಿಯೊ ಒಲಿಂಪಿಕ್ಸ್‌ಗೆ ರೋಯಿಂಗ್‌ನಲ್ಲಿ ಹೋಗಿದ್ದ ದತ್ತು ಭೋಕನಾಳ್ ಇದೇ ತಾಲ್ಲೂಕಿನವರು ಎಂದು ನನ್ನ ಉಪದೇಶ ಶುರುವಾಯಿತು. ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

ಅಲ್ಲಿನ ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ನೀನು ಹೇಳು ಬಾಳಾ, ನಿನಗೆ ಯಾವುದರ ಹೆದರಿಕೆ?" ಮಗಳು ಮರಾಠಿಯಲ್ಲಿ ಹೇಳಿದಳು: ಎರಡು ತಿಂಗಳಿಂದ ನೋವಿದೆ, ಹೇಳಿದರೆ ಅಪ್ಪ ಆಟ ಬಿಡಿಸುತ್ತಾರೆ. ನನ್ನ 'ಒಂದು ವಾರ' ಅಲ್ಲೇ ಬಿದ್ದುಹೋಯಿತು.

ಅದು ಆಸ್‌ಗುಡ್ ಶ್ಲಾಟರ್ ಅಂತೆ. ಬೆಳೆಯುವ ವಯಸ್ಸಿನಲ್ಲಿ ಮಂಡಿಯ ಕೆಳಗೆ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಟ, ಜಿಗಿತದಲ್ಲಿ ತೊಡೆಯ ಸ್ನಾಯು ಅಲ್ಲಿಯೇ ಜಗ್ಗುತ್ತದೆ. ಬೆಳವಣಿಗೆ ಮುಗಿದಂತೆ ಸಾಮಾನ್ಯವಾಗಿ ತಾನೇ ಕಡಿಮೆಯಾಗುತ್ತದೆ. ಆಟ ಪೂರ್ತಿ ಬಿಡಬೇಕಿಲ್ಲ, ನೋವು ನೋಡಿಕೊಂಡು ತಗ್ಗಿಸಬೇಕು, ತೊಡೆಯ ವ್ಯಾಯಾಮ ಮಾಡಬೇಕು. ಇದನ್ನೆಲ್ಲ ಅವರು ಚಿತ್ರ ಬರೆದು ವಿವರಿಸಿದ್ದು ನನಗಲ್ಲ, ಅವಳಿಗೆ.

ಸ್ನೇಹಿತರು ಹೇಳುತ್ತಾರೆ, "ಮಕ್ಕಳಿಗೇನ್ರಿ ಗೊತ್ತಾಗ್ತದ?" ಒಪ್ಪಿದೆ. ನಾಳೆ ಮ್ಯಾಚ್ ಇದ್ದರೆ ಯಾವ ಮಗುವೂ ನೋವಿದೆ ಅನ್ನುವುದಿಲ್ಲ. ಹಾಗಾಗಿ ಅಪ್ಪ-ಅಮ್ಮ ಪಕ್ಕದಲ್ಲಿರಲೇಬೇಕು, ಒಪ್ಪಿಗೆಯ ಸಹಿಯೂ ನಮ್ಮದೇ. ಆದರೆ ಹತ್ತು ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಎಷ್ಟು ಮೊತ್ತದವರೆಗೆ ಅನ್ನುವ ಮಿತಿ ಬ್ಯಾಂಕಿನದು. ದುಡ್ಡಿನ ವಿಷಯದಲ್ಲಿ ನಂಬುವ ಮಗುವನ್ನು ಅದರ ಮೊಣಕಾಲಿನ ವಿಷಯದಲ್ಲಿ ನಂಬಬಾರದೇ? ಮಿತಿ ನಾವು ಹಾಕೋಣ, ಮಾತು ಅವರು ಆಡಲಿ.

ಇನ್ನೊಂದು ಮಾತು. ನಮ್ಮ ಕುಂದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. 2011ರಲ್ಲಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದಾಗ, ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಹಾಗಾಯಿತು ಎಂದರು. ಆದರೂ ಎರಡು ವರ್ಷದ ನಿಷೇಧ ತಪ್ಪಲಿಲ್ಲ. "ಇದೇನು, ಯಾಕೆ ಕೊಡುತ್ತೀರಿ?" ಎಂದು ಕೇಳುವ ಅಭ್ಯಾಸ ಇಪ್ಪತ್ತರಲ್ಲಿ ದಿಢೀರನೆ ಬರುವುದಿಲ್ಲ. ಹದಿಮೂರರಲ್ಲೇ, ಡಾಕ್ಟರ ಎದುರು ಬಾಯಿ ಬಿಡಲು ಕಲಿಯಬೇಕು.

ಮರುವರ್ಷ ಅವಳು ಮತ್ತೆ ಆಡಿದಳು. ಜಿಲ್ಲಾ ತಂಡಕ್ಕೇನೂ ಆಯ್ಕೆಯಾಗಲಿಲ್ಲ ಬಿಡಿ. ಆದರೆ ಅಂದಿನಿಂದ ಎಲ್ಲಿ ನೋವಾದರೂ ಮೊದಲು ನನಗೇ ಹೇಳುತ್ತಾಳೆ. ಡಾಕ್ಟರ ಮುಂದೆ ಮಾತ್ರ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ… ಕಷ್ಟ ಸ್ವಾಮಿ!

ನಿಮ್ಮ ಮನೆಯಲ್ಲಿ ಉತ್ತರ ಹೇಳುವವರು ಯಾರು?